ಮೂರು ಕೈಯ ಮದ್ದು

ಸೆಲ್ಸೊನ ಪ್ರೆಶರ್ ಗುಳಿಗೆ ಅಮ್ಲೋಡಿಪಿನ್, ಒಂದಕ್ಕೆ ಎರಡು ಸಾವಿರ ಗುಆರಾನಿ. ಅದೇ ಪ್ರೆಶರಿಗೆ ಫಿಡೆನ್ಸಿಯೊನ ಲೊಸಾರ್ಟಾನ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಪಂಕ್ಚರ್ ಅಂಗಡಿಯ ಮುಂದೆ, ಮಾವಿನ ಮರದ ಕೆಳಗೆ, ಇಬ್ಬರೂ ತಮ್ಮ ತಮ್ಮ ಗುಳಿಗೆಗಳನ್ನು ಹಳೇ ಟಯರಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಪುಕ್ಕಟೆ ಮಾತ್ರೆ ಪುಕ್ಕಟೆ ತರಾನೇ ಕೆಲ್ಸ ಮಾಡುತ್ತೆ ಭಾವ," ಅಂದ ಸೆಲ್ಸೊ. ಅಂಗಡಿ ಅವನದೇ. ಅಕ್ಕ ಡಿಯೊಲಿಂಡಾಳನ್ನು ಫಿಡೆನ್ಸಿಯೊಗೆ ಕೊಟ್ಟ ದಿನದಿಂದ ಭಾವನಿಗೆ ಬುದ್ಧಿ ಹೇಳುವ ಹಕ್ಕೂ ತನ್ನದೇ ಎಂದುಕೊಂಡಿದ್ದ. "ತಲೆ ತಿರುಗ್ತಿದೆ ಅಂದ್ರೆ ಪ್ರೆಶರ್ ಇಳಿದಿಲ್ಲ ಅಂತಾನೇ ಅರ್ಥ. ನಂದು ತಗೊಂಡು ನೋಡು."

ಫಿಡೆನ್ಸಿಯೊ ಹಲ್ಲು ಕಚ್ಚಿಕೊಂಡು ಗುಳಿಗೆಯ ಎರಡೂ ಹಾಳೆಗಳನ್ನು ಜೇಬಿಗಿಳಿಸಿದ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹೋದ ತಿಂಗಳು ಬೆಳಗಿನ ಗುಳಿಗೆಯ ಜೊತೆಗೆ ರಾತ್ರಿಗೂ ಒಂದು ಸೇರಿಸಿದ್ದಳು. ಅಂದಿನಿಂದ ಸ್ಟಿಯರಿಂಗ್ ಹಿಡಿದು ಕೂತರೆ ರಸ್ತೆ ತೇಲುತ್ತಿತ್ತು. ಮಾರುಕಟ್ಟೆಯ ನಿಲ್ದಾಣದಲ್ಲಿ ಬಸ್ಸನ್ನು ಕಂಬಕ್ಕೆ ತಾಗಿಸಿದ್ದ. ಇನ್ನೊಮ್ಮೆ ಹೀಗಾದರೆ ಕೀ ಕೊಟ್ಟು ಮನೆಗೆ ನಡೆ ಎಂದು ಮಾಲೀಕ ಕಂಡಕ್ಟರುಗಳ ಎದುರಿಗೇ ಹೇಳಿದ್ದ.

ಡಿಯೊಲಿಂಡಾ ತೆರೆರೆ ತಂದಳು. ಕೊಂಬಿನ ಲೋಟದ ತುಂಬ ಯೆರ್ಬಾ ಎಲೆ, ಮೇಲೆ ಜಜ್ಜಿದ ಸೊಪ್ಪಿನ ಐಸ್ ನೀರು. ಅವಳು ಸುರಿದು ಕೊಟ್ಟಂತೆ ಒಬ್ಬೊಬ್ಬರೇ ಒಂದೇ ಕೊಳವೆಯಲ್ಲಿ ಹೀರಿ ಲೋಟ ವಾಪಸ್ ಕೊಡಬೇಕು. ಸಾಕಾದವನು ಮಾತ್ರ ವಾಪಸ್ ಕೊಡುವಾಗ ಧನ್ಯವಾದದ ಮಾತು, ಗ್ರಾಸಿಯಾಸ್, ಅನ್ನುತ್ತಾನೆ. ಅನ್ನದವನಿಗೆ ಲೋಟ ಮತ್ತೆ ಬರುತ್ತದೆ. ಅಂದಿನ ನೀರು ಎಂದಿಗಿಂತ ಕಹಿಯಾಗಿತ್ತು. ಬಿಸಿಲು ಜೋರಾಗಿತ್ತು, ಫಿಡೆನ್ಸಿಯೊ ಗ್ರಾಸಿಯಾಸ್ ಅನ್ನಲೇ ಇಲ್ಲ.

ಆ ವಾರವೇ ಇಳಿಜಾರಿನಲ್ಲಿ ಬಸ್ಸು ಫುಟ್‌ಪಾತ್ ಹತ್ತಿತು. ಯಾರಿಗೂ ಪೆಟ್ಟಾಗಲಿಲ್ಲ. ಚೀಪಾ ರೊಟ್ಟಿ ಮಾರುವವಳ ಬುಟ್ಟಿಯೊಂದು ಚಕ್ರದಡಿ ಅಪ್ಪಚ್ಚಿಯಾಯಿತು. ಮಾಲೀಕ ಬಂದು, ಏನೂ ಕೇಳದೆ, ಕೈ ಚಾಚಿ ಕೀ ಇಸಕೊಂಡ.

ಫಿಡೆನ್ಸಿಯೊ ಅಲ್ಲಿಂದ ನೇರ ಆರೋಗ್ಯ ಕೇಂದ್ರಕ್ಕೆ ನಡೆದ. ಸುದ್ದಿ ತಿಳಿದು ಡಿಯೊಲಿಂಡಾಳೂ ಹಿಂದೆಯೇ ಓಡಿ ಬಂದಳು. ಬಡವರಿಗೆ ಸೀಮೆಸುಣ್ಣ ಕೊಟ್ಟು ಕಳಿಸುತ್ತೀರಿ, ನಿಮ್ಮಿಂದ ನನ್ನ ಅನ್ನ ಹೋಯಿತು ಎಂದು ಅವನು ಕೂಗಾಡುತ್ತಿದ್ದರೆ ಡಾಕ್ಟರಮ್ಮ ಅವನ ತೋಳಿಗೆ ಪ್ರೆಶರ್ ಅಳೆಯುವ ಪಟ್ಟಿ ಸುತ್ತಿದಳು. ಒಮ್ಮೆ ನೋಡಿದವಳು ಮತ್ತೊಮ್ಮೆ ಗಾಳಿ ಒತ್ತಿದಳು.

"ತೊಂಬತ್ತು, ಐವತ್ತು. ಪ್ರೆಶರ್ ಏರಿಲ್ಲ ಯಜಮಾನ್ರೇ, ನೆಲ ಕಚ್ಚಿದೆ. ನಾನು ಕೊಟ್ಟಿದ್ದರಿಂದಲೇ ಇಷ್ಟು ಇಳಿದಿರಲಾರದು. ಬೇರೆ ಏನು ತಗೋತಿದ್ದೀರಿ?"

ಅವನು ಗೋಡೆ ನೋಡಿದ. ಕೊನೆಗೆ ಜೇಬಿನಿಂದ ಸೆಲ್ಸೊನ ಗುಳಿಗೆಯ ಹಾಳೆ ಹೊರಬಂತು. ಅರ್ಧ ಖಾಲಿಯಾಗಿತ್ತು. ಡಾಕ್ಟರಮ್ಮನ ಮುಖ ಕೆಂಪಾಯಿತು. ತೆರೆರೆಯಲ್ಲಿ ಏನು ಹಾಕುತ್ತೀರಿ ಎಂದೂ ಕೇಳಿದಳು. ನೀರು, ಇನ್ನೇನು ಹಾಕುತ್ತಾರೆ ಎಂದು ಅವನು ಗೊಣಗಿದ.

"ಕುದುರೆಬಾಲದ ಸೊಪ್ಪು," ಅಂದಳು ಡಿಯೊಲಿಂಡಾ, ನೆಲ ನೋಡುತ್ತ. "ಮಾರ್ಕೆಟ್ಟಿನ ಸೊಪ್ಪಿನವಳು ಪ್ರೆಶರ್ರಿಗೆ ಅಂತ ಕೊಟ್ಟಳು. ದಿನಾ ಒಂದು ಹಿಡಿ ಹಾಕ್ತಿದ್ದೆ. ತಲೆ ತಿರುಗುತ್ತೆ ಅಂದ ಮೇಲೆ ಎರಡು."

"ನನ್ನ ಬಸ್ಸು ಕಳೆದವಳು ನೀನಾ ಹಾಗಾದ್ರೆ?"

ಅವಳು ತಲೆ ಎತ್ತಿದಳು. "ನಿಮ್ಮಪ್ಪ ಇದೇ ಲೈನಿನ ಬಸ್ಸಲ್ಲಿ ಪ್ರೆಶರ್ ಏರಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಸತ್ತ. ನಿಮ್ಮಮ್ಮ ಏನೂ ಮಾಡ್ದೆ ನೋಡ್ತಾ ಕೂತಿದ್ದಳು ಅಂತ ಅವಳು ಮಣ್ಣಿಗೆ ಹೋಗೋವರ್ಗೂ ನೀನು ಬೈದೆ. ಈಗ ನಾನು ಮಾಡಿದ್ದಕ್ಕೂ ಬೈತೀಯಾ? ಆ ಜೇಬಲ್ಲಿ ಗುಳಿಗೆ ಇಟ್ಟವಳೂ ನಾನೇನಾ?"

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಚೆನ್ನಾಗಿದೆ. ಒಬ್ಬ ರೋಗಿಗೆ ಮೂರು ಜನ ಮದ್ದು ಹಾಕ್ತಿದ್ದೀವಿ, ಯಾರು ಎಷ್ಟು ಹಾಕಿದ್ರು ಅಂತ ಯಾರಿಗೂ ಗೊತ್ತಿಲ್ಲ."

ಸೆಲ್ಸೊನ ಗುಳಿಗೆಯನ್ನೂ ಸೊಪ್ಪನ್ನೂ ನಿಲ್ಲಿಸಿದಳು. ರಾತ್ರಿಯ ಲೊಸಾರ್ಟಾನನ್ನೂ ತೆಗೆದು, ದಿನವೂ ಬಂದು ಪ್ರೆಶರ್ ತೋರಿಸಲು ಹೇಳಿ, ತಾನು ಕೂಡ ಸೊಪ್ಪಿನ ಮಾತು ಮೊದಲೇ ಕೇಳಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಂತೆ ಅಂದಳು. ತಿಂಗಳೊಳಗೆ ಅಳತೆ ನೂರಮೂವತ್ತು, ಎಂಬತ್ತಕ್ಕೆ ನಿಂತಿತು. ತಲೆ ತಿರುಗುವುದು ಹೋಯಿತು. ಬಸ್ಸನ್ನು ಮಾಲೀಕ ತನ್ನ ಅಣ್ಣನ ಮಗನಿಗೆ ಕೊಟ್ಟ.

ಫಿಡೆನ್ಸಿಯೊ ಈಗ ಸೆಲ್ಸೊನ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಾನೆ. ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಒಂದು ಮಧ್ಯಾಹ್ನ ಅವನು ಹಿಂದೆ ಓಡಿಸುತ್ತಿದ್ದ ಬಸ್ಸು ಹಾರ್ನ್ ಮಾಡುತ್ತ ರಸ್ತೆಯಲ್ಲಿ ದಾಟಿತು. ಅವನು ತಲೆ ಎತ್ತಲಿಲ್ಲ. ಡಿಯೊಲಿಂಡಾ ತೆರೆರೆ ತಂದು ಮೊದಲ ಲೋಟ ಅವನಿಗೇ ಚಾಚಿದಳು. ಅವನು ಲೋಟದೊಳಗೆ ಇಣುಕಿದ. ಬರೀ ಯೆರ್ಬಾ, ಬರೀ ನೀರು. ತಳದವರೆಗೆ ಹೀರಿ, ಗ್ರಾಸಿಯಾಸ್ ಅನ್ನದೆ ವಾಪಸ್ ಕೊಟ್ಟ.

ಸರದಿ ಸುತ್ತಿ ಬಂದಾಗ ಅವಳು ಮತ್ತೆ ಸುರಿದು ಅವನ ಕಡೆ ಚಾಚಿದಳು.