ಖಾಲಿಯಲ್ಲದ ಕಂಟೇನರ್

ಮರಿಗಳ ಅಳು ಮೊದಲು ಕೇಳಿಸಿದ್ದು ಜಾಬಿರ್‌ಗೆ.

ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಿಸಿಲಿನಲ್ಲಿ ಯಾರೂ ದುಡಿಯುವಂತಿಲ್ಲ. ಕೊಲ್ಲಿ ನಾಡಿನ ಹಮದ್ ಬಂದರಿನ ಹತ್ತಿರದ ಆ ಕಂಟೇನರ್ ಯಾರ್ಡ್‌ನಲ್ಲಿ ಈ ನಿಯಮ ಕಾಯುವುದು ಸೇಫ್ಟಿ ಆಫೀಸರ್ ಸಂಜಯ್‌ನ ಕೆಲಸ. ಮೈಸೂರಿನಲ್ಲಿ ಭೌತವಿಜ್ಞಾನ ಎಂ.ಎಸ್ಸಿ. ಮಾಡಿದ ಅವನಿಗೆ ಅಳತೆಯಿಲ್ಲದೆ ಮಾತಾಡಲು ಬರುತ್ತಿರಲಿಲ್ಲ. ಕೆಲಸಗಾರರೆಲ್ಲ ಒಳಗೆ ಸೇರಿದ ಮೇಲೆ ಕ್ಯಾಬಿನ್ನಿನಲ್ಲಿ ಕೂತು ಗಾಳಿಯ ವೇಗ ನೋಡುತ್ತಿದ್ದ. ಉತ್ತರದಿಂದ ಶಮಾಲ್ ಗಾಳಿ ಎದ್ದಿತ್ತು. ಕಿಟಕಿಯ ಹೊರಗೆ ಆಕಾಶ ಹಳದಿಗಟ್ಟಿತ್ತು.

ಜಾಬಿರ್ ಬಾಗಿಲು ತಳ್ಳಿಕೊಂಡು ಬಂದ. ಬಂಟ್ವಾಳದ ಕಡೆಯವನು, ಖಾಲಿ ಕಂಟೇನರ್‌ಗಳ ಒಳಗೆ ನೋಡಿ ಬಾಗಿಲು ಭದ್ರಪಡಿಸುವ ಚೆಕ್ಕರ್.

"ಸಾರ್, ಕೆಂಚಿ ಬರ್ಲಿಲ್ಲ. ಮರಿಗಳು ಬೊಬ್ಬೆ ಹಾಕ್ತಾ ಉಂಟು."

ಕೆಂಚಿ ಯಾರ್ಡ್‌ನ ಬೀದಿನಾಯಿ. ಕ್ಯಾಬಿನ್ನಿನ ಹಿಂದೆ ಒಟ್ಟಿದ ಮರದ ಹಲಗೆಗಳ ಅಡಿಯಲ್ಲಿ ಮೂರು ಮರಿ ಹಾಕಿತ್ತು. ಜಾಬಿರ್ ದಿನಾ ಅದಕ್ಕೆ ಅನ್ನ, ಮೂಳೆ ತೆಗೆದ ಕೋಳಿಯ ಚೂರು ಇಡುತ್ತಿದ್ದ, ಮುಟ್ಟುತ್ತಿರಲಿಲ್ಲ. ನಾಯಿಯ ಜೊಲ್ಲು ತಾಗಿದರೆ ಅವನ ಧರ್ಮದ ಪ್ರಕಾರ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣಿನಲ್ಲಿ. ಸಂಜಯ್ ನೀರಿನ ಬೋಗುಣಿ ತಂದುಕೊಟ್ಟಿದ್ದ. ಬಿಸಿಲೇರಿದಾಗ ಮಲಗಲಿ ಎಂದು ಇಬ್ಬರೂ ಸೇರಿ ಸಾಲಿನ ತುದಿಯ ಖಾಲಿ ಕಂಟೇನರ್‌ನ ಬಾಗಿಲನ್ನು ತುಸು ತೆರೆದಿಡುವ ರೂಢಿ ಮಾಡಿದ್ದರು. ಅಲ್ಲಿ ನೆರಳು, ಬೋಗುಣಿ ತುಂಬ ನೀರು, ಗಾಳಿಯಾಡಲು ಸಂದು. ಇಷ್ಟು ಸಣ್ಣ ಸಹಾಯದಿಂದ ಒಂದು ಜೀವ ಉಳಿಯುತ್ತದೆ ಎಂದು ಸಂಜಯ್‌ಗೆ ಹೆಮ್ಮೆಯಿತ್ತು.

"ಆ ಕಂಟೇನರ್?" ಸಂಜಯ್ ಕೇಳಿದ.

ಜಾಬಿರ್‌ನ ತುಟಿ ಒಣಗಿತ್ತು. "ನೀವೇ ಅಲ್ವಾ ಸಾರ್ ಹೇಳಿದ್ದು, ಗಾಳಿ ಬರ್ತದೆ, ಯಲ್ಲಾ ಯಲ್ಲಾ, ಬೇಗ ಬೇಗ ಎಲ್ಲ ಬಾಗಿಲು ಹಾಕಿ ಅಂತ. ಹಾಕಿದೆ. ದಿನಾ ಒಳಗೆ ಇಣುಕಿ ನೋಡ್ತಿದ್ದೆ. ಇವತ್ತು ಅದು ಮರಿಗಳ ಹತ್ತಿರ ಹೋಗಿರಬೇಕು ಅಂತ..."

ಬಾಗಿಲು ಹಾಕಿದ ಖಾಲಿ ಕಂಟೇನರ್‌ಗಳನ್ನೆಲ್ಲ ಬೆಳಿಗ್ಗೆಯೇ ಯಂತ್ರ ಎತ್ತಿ ಎರಡಂತಸ್ತು ಜೋಡಿಸಿತ್ತು; ಕೆಂಚಿಯ ಕಂಟೇನರ್ ಯಾವುದೆಂದು ಈಗ ಗುರುತಿಸುವಂತಿರಲಿಲ್ಲ.

ನೆರಳಿನಲ್ಲೇ ನಲವತ್ತಾರು ಡಿಗ್ರಿ. ಬಿಸಿಲಿನಲ್ಲಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ ಎಷ್ಟು? ಸಂಜಯ್ ಲೆಕ್ಕ ಹಾಕಲು ಹೊರಟು ನಿಲ್ಲಿಸಿಬಿಟ್ಟ. ನಾಯಿ ನಮ್ಮಂತೆ ಬೆವರುವುದಿಲ್ಲ. ನಾಲಿಗೆ ಚಾಚಿ, ಏದುಸಿರು ಬಿಡುತ್ತಾ, ಉಸಿರಿನ ತೇವ ಆರಿಸಿಕೊಂಡು ಮೈ ತಂಪಾಗಿಸಿಕೊಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ಆ ತೇವ ಎಲ್ಲಿಗೂ ಹೋಗುವುದಿಲ್ಲ. ಅದರ ಉಸಿರೇ ಅದನ್ನು ಬೇಯಿಸುತ್ತದೆ.

"ನೀವು ಇಲ್ಲೇ ಇರಿ ಜಾಬಿರ್ ಭಾಯ್. ಈ ಹೊತ್ತಲ್ಲಿ ನಿಮ್ಮನ್ನ ಹೊರಗೆ ಬಿಡೋ ಹಾಗಿಲ್ಲ."

"ನೀವು ಮಾತ್ರ ಹೋಗ್ಲಿಕ್ಕೆ ಉಂಟಾ? ನಿಮಗೆ ಎಂತ ಬಿಸಿಲು ತಾಗುದಿಲ್ವಾ? ಬಾಗಿಲು ಹಾಕಿದ್ದು ನಾನು ಸಾರ್."

ಇಬ್ಬರೂ ಹೋದರು. ಗಾಳಿ ಮರಳನ್ನು ಮುಖಕ್ಕೆ ರಾಚುತ್ತಿತ್ತು. ಕಾದ ಉಕ್ಕು ಅಲ್ಲಲ್ಲಿ ಟಣ್ ಎಂದು ಹಿಗ್ಗುವ ಸದ್ದು. ಪ್ರತಿ ಸದ್ದಿಗೂ ಸಂಜಯ್ ತಿರುಗಿ ನೋಡುತ್ತಿದ್ದ. ಸಲಾಕೆಯಿಂದ ಒಂದೊಂದೇ ಕಂಟೇನರ್ ಬಡಿದ. ಕಿವಿ ಹತ್ತಿರ ಒಯ್ದರೆ ಬೆಂಕಿಯ ಝಳ. ಯಾವುದರಿಂದಲೂ ಉತ್ತರವಿಲ್ಲ. ಬಡಿತಕ್ಕೆ ಬೀದಿನಾಯಿ ಬೊಗಳುವುದಿಲ್ಲ, ಇನ್ನಷ್ಟು ಮುದುರಿಕೊಳ್ಳುತ್ತದೆ ಎಂದು ಅವನಿಗೆ ತಡವಾಗಿ ಹೊಳೆಯಿತು. ಅಥವಾ ಉತ್ತರಿಸುವ ಶಕ್ತಿ ಈಗಾಗಲೇ ಮುಗಿದಿದೆಯೋ?

ಹಿಂತಿರುಗಿ ನೋಡಿದರೆ ಜಾಬಿರ್ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಓಡುತ್ತಾ ಬಂದ. ಎದೆಗವಚಿಕೊಂಡ ಕೈಗಳಲ್ಲಿ ಒಂದು ಮರಿ. ಅದು ಅವನ ಗದ್ದವನ್ನೇ ನೆಕ್ಕುತ್ತಿತ್ತು.

"ಭಾಯ್, ನೀವು..."

"ತೊಳೆದರೆ ಆಯ್ತು ಸಾರ್. ಮಣ್ಣಿಗೆ ಎಂತ ಬರ ಈ ಊರಲ್ಲಿ?"

ಮರಿ ಕುಂಯ್ಗುಟ್ಟುತ್ತಿತ್ತು. ಅದರ ದನಿ ತಾಯಿಗೆ ಕೇಳಿಸಲೆಂದು ಸಾಲಿನುದ್ದಕ್ಕೂ ಮೆಲ್ಲಗೆ ನಡೆದರು. ಮೂಲೆ ತಿರುಗುವಾಗ ಮೇಲಿನ ನೀಲಿ ಕಂಟೇನರ್‌ನೊಳಗಿಂದ ಉಗುರು ಕೆರೆದಂತಾಯಿತು. ಒಮ್ಮೆ. ಮತ್ತೊಮ್ಮೆ.

ಅದರ ಬಾಗಿಲು ಹಿಂದಿನ ಸಾಲಿನ ಕಂಟೇನರ್‌ಗೆ ಎದುರಾಗಿತ್ತು. ನಡುವೆ ಅಂಗೈ ಅಗಲದ ಸಂದು. ಯಂತ್ರದಿಂದ ಇಳಿಸದೆ ತೆರೆಯುವಂತಿರಲಿಲ್ಲ. ಯಂತ್ರ ಓಡಿಸುವ ಫ್ಲಾಯ್ಡ್ ಕಾರ್ಕಳದವನು. ಫೋನ್ ಮಾಡಿದ ಕೂಡಲೇ ಬಂದ, ಯಂತ್ರದ ತಂಪು ಕೋಣೆ ಹತ್ತಿ ಕೂತ, ಜಾಬಿರ್‌ನನ್ನು ನೋಡಿ ಗಾಜು ಸರಿಸಿದ.

"ಓ ಬ್ಯಾರಿ, ನಾಯಿಮರಿ ಎತ್ತಿಕೊಂಡಿದ್ದೀಯಾ? ಊರಲ್ಲಿ ಹೇಳಿದ್ರೆ ಯಾರೂ ನಂಬುದಿಲ್ಲ."

"ನೀನು ಮೊದ್ಲು ಕಂಟೇನರ್ ಎತ್ತು ಪೊರ್ಬು. ಊರಿಗೆ ಆಮೇಲೆ ಹೇಳುವಾ." ಕರಾವಳಿಯ ಮುಸ್ಲಿಂ, ಕ್ರೈಸ್ತ ಸಮುದಾಯಗಳ ಈ ಹೆಸರುಗಳಿಂದಲೇ ಇಬ್ಬರೂ ಪರಸ್ಪರ ಛೇಡಿಸುತ್ತಿದ್ದರು.

ಸಂಜಯ್ ಕೈಯಲ್ಲಿದ್ದ ಗಾಳಿಯ ಮೀಟರ್ ನೋಡಿದ. ಮಿತಿ ಮೀರಿತ್ತು. ಖಾಲಿ ಕಂಟೇನರ್ ಗಾಳಿಗೆ ಹಾಯಿಯಂತೆ. ಎತ್ತಿದೊಡನೆ ತಿರುಗಿ ಹೊಡೆಯಬಹುದು. ಆ ಮಿತಿಯನ್ನು ಬೋರ್ಡಿನ ಮೇಲೆ ಬರೆಸಿದವನು ಅವನೇ.

ಫ್ಲಾಯ್ಡ್ ಈಗ ನಗುತ್ತಿರಲಿಲ್ಲ. "ತಿರುಗಿದ್ರೆ ನನ್ನ ಮೇಲೆಯೇ ಬರುದು ಸಾರ್. ಆದ್ರೆ ನೀವು ಹೇಳಿದ್ರೆ ಎತ್ತುತ್ತೇನೆ."

ಹೇಳು ಎಂದು ಒಳಗಿನ ಕೆರೆತ ಒತ್ತಾಯಿಸುತ್ತಿತ್ತು. ಫ್ಲಾಯ್ಡ್‌ನ ಹೆಂಡತಿ, ಮಗಳು ಅಲ್ ರಯ್ಯಾನ್‌ನ ಮನೆಯಲ್ಲಿ ಊಟಕ್ಕೆ ಕೂತಿರುವ ಹೊತ್ತು. ಸಂಜಯ್ ಇನ್ನೊಮ್ಮೆ ಮೀಟರ್ ನೋಡಿದ. ಅಡ್ಡಡ್ಡ ತಲೆಯಾಡಿಸಿದ. "ಬೇಡ. ಗಾಳಿ ಇಳೀಲಿ."

"ಅಷ್ಟರಲ್ಲಿ ಅದು ಸಾಯ್ತದೆ ಸಾರ್!" ಜಾಬಿರ್ ಕೂಗಿದ.

ಸಾಯಬಹುದು. ಸಂಜಯ್ ಕಣ್ಣು ಮುಚ್ಚಿದ. ಮುಖಕ್ಕೆ ರಾಚುವ ಗಾಳಿ ಅವನ ಬೆವರನ್ನು ಆಗಲೇ ಆರಿಸಿತ್ತು. ಒಣ ಗಾಳಿ. ಎತ್ತಲು ಬಿಡದ ಈ ಗಾಳಿಗೇ ನೀರನ್ನು ಆರಿಸುವ ಶಕ್ತಿಯಿದೆ; ನೀರು ಆರುವಾಗ ಉಕ್ಕಿನ ಬಿಸಿಯನ್ನು ಕೊಂಡೊಯ್ಯುತ್ತದೆ.

"ಬೆಂಕಿ ಆರಿಸೋ ಪೈಪ್ ಎಳೀರಿ!"

ನೀರಿನ ರಭಸ ಕಂಟೇನರ್‌ನ ತಲೆಗೆ ಬಿದ್ದಾಗ ಉಕ್ಕು ಚುರ್ ಎಂದಿತು. ಇಬ್ಬರೂ ಸರದಿಯಲ್ಲಿ ಹಿಡಿದರು; ಒಬ್ಬ ಹಿಡಿದಾಗ ಇನ್ನೊಬ್ಬ ಕಡ್ಡಾಯವಾಗಿ ಫ್ಲಾಯ್ಡ್‌ನ ತಂಪು ಕೋಣೆಗೆ. ಅಲ್ಲಿ ಕೂತ ಸರದಿಯಲ್ಲಿ ಸಂಜಯ್ ಮೈರಾಗೆ ಫೋನ್ ಮಾಡಿದ. ಉಮ್ಮ್ ಸಲಾಲ್‌ನಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವಳು ಬಿಡುವಿನಲ್ಲಿ ಬೀದಿನಾಯಿಗಳಿಗೆ ಲಸಿಕೆ, ಸಂತಾನಹರಣ ಮಾಡಿಸಿ ಮನೆ ಹುಡುಕುವವಳು.

"ಹೊರಗೆ ಬಂದ ಮೇಲೆ ಐಸ್ ನೀರು ಬೇಡ," ಅವಳೆಂದಳು. "ಸಾಧಾರಣ ನೀರು ಮೈಗೆಲ್ಲ ಹಾಕಿ, ಫ್ಯಾನ್ ಹಿಡೀರಿ. ಬಾಯಿಗೆ ಬಲವಂತವಾಗಿ ನೀರು ಸುರೀಬೇಡಿ. ಹೆದರಿದ ನಾಯಿ ಕಚ್ಚುತ್ತೆ, ಮುಖ ಹತ್ತಿರ ಒಯ್ಯಬೇಡಿ. ನಾನು ಪಂಜರ ತರ್ತೀನಿ, ಡಾಕ್ಟರ್‌ಗೂ ಹೇಳಿರ್ತೀನಿ."

ಕೆರೆತ ವಿರಳವಾಯಿತು. ಆಮೇಲೆ ನಿಂತಿತು. ಜಾಬಿರ್ ಮರಿಯನ್ನು ಮೇಲೆತ್ತಿ ಹಿಡಿದ; ಅದೂ ದಣಿದು ಸುಮ್ಮನಾಗಿತ್ತು. ಸಂಜಯ್ ಮೀಟರನ್ನೇ ನೋಡುತ್ತಿದ್ದ. ಅಂಕಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಏರಲಿಲ್ಲ. ಅವನು ಇನ್ನೂ ಕಾದ. ಜಾಬಿರ್ ಅವನನ್ನು ಕೊಲ್ಲುವಂತೆ ನೋಡುತ್ತಿದ್ದ.

"ಈಗ ಎತ್ತಿ."

ಫ್ಲಾಯ್ಡ್ ಹಾಲಿನ ಪಾತ್ರೆ ಇಳಿಸುವಂತೆ ಇಳಿಸಿದ. ಬಾಗಿಲು ತೆರೆದಾಗ ಒಳಗಿಂದ ಮೂತ್ರದ, ಕಾದ ಮರದ ಹಬೆ ಬಂತು. ತುದಿಯಲ್ಲಿ ಕೆಂಚಿ ಅಡ್ಡ ಬಿದ್ದಿತ್ತು. ನೀರಿನ ಬೋಗುಣಿ ಮಗುಚಿತ್ತು. ಸಂಜಯ್ ಮಂಡಿಯೂರಿ ಹತ್ತಿರ ಹೋದ. ಪಕ್ಕೆಲುಬು ಅಲುಗುತ್ತಿದೆಯೇ ಇಲ್ಲವೇ ಗೊತ್ತಾಗಲಿಲ್ಲ. ಕೈ ಚಾಚಿದ. ಹಲ್ಲು ಕಾಣಿಸಿತು. ಗುರ್ ಎನ್ನುವ ಶಕ್ತಿಯೂ ಇಲ್ಲದ ಕೆಂಚಿ ಅವನ ಕೈಯನ್ನು ನೋಡಿ ಹಲ್ಲು ಕಿರಿದಿತ್ತು.

"ಇದೆ," ಅವನೆಂದ. "ಜೀವ ಇದೆ."

ಹೊರಗೆ ತಂದು ನೀರು ಹಾಕುವಾಗಲೂ, ಮೈರಾ ಬಂದು ಮರಿಗಳೊಂದಿಗೆ ಪಂಜರಕ್ಕೆ ಸೇರಿಸುವಾಗಲೂ ಆ ಕಣ್ಣುಗಳು ಸಂಜಯ್‌ನನ್ನು ಬಿಡಲಿಲ್ಲ. ಅವುಗಳಲ್ಲಿದ್ದುದು ಕೃತಜ್ಞತೆಯಲ್ಲ.

ಮರುದಿನ ಮೈರಾ ಫೋನ್ ಮಾಡಿದಳು: ಎದ್ದು ನಿಂತಿದೆ, ಮೂತ್ರಪಿಂಡದ ಬಗ್ಗೆ ಈಗಲೇ ಹೇಳಲಾಗದು, ಮರಿಗಳನ್ನು ಹತ್ತಿರ ಸೇರಿಸಿಕೊಂಡಿದೆ. ಗುಣವಾದರೂ ಯಾರ್ಡ್‌ಗೆ ಕಳಿಸುವುದಿಲ್ಲ. ಮನೆ ಸಿಗುವವರೆಗೆ ತಾಯಿ, ಮರಿಗಳನ್ನು ಅವಳೇ ಇಟ್ಟುಕೊಳ್ಳುತ್ತಾಳೆ.

ವಿರಾಮದಲ್ಲಿ ಹೊರಗಿದ್ದುದಕ್ಕೆ, ಪೈಪ್ ಬಳಸಿದ್ದಕ್ಕೆ ತನ್ನ ಮೇಲೆ ತಾನೇ ವರದಿ ಬರೆದುಕೊಟ್ಟು, ಸಂಜಯ್ ಬೆಳಗಿನ ಸಭೆಗೆ ಬಂದ. ಇನ್ನು ಮುಂದೆ ಬಾಗಿಲು ಹಾಕುವ ಮುಂಚೆ ಒಬ್ಬರು ಕಂಟೇನರ್‌ನ ತುದಿಯವರೆಗೆ ನಡೆದು, ಗೋಡೆ ಮುಟ್ಟಿ ಬರಬೇಕು ಎಂದ. ಯಾರೋ ಹಿಂದೆ ಕಿಸಕ್ಕೆಂದರು. ತೋರಿಸುತ್ತೇನೆ ಎಂದು ಅವನೇ ಮೊದಲು ಪಕ್ಕದ ಖಾಲಿ ಕಂಟೇನರ್‌ನೊಳಗೆ ಹೆಜ್ಜೆಯಿಟ್ಟ.

ಅರ್ಧ ದಾರಿಯಲ್ಲಿ ಗಾಳಿಗೆ ಬಾಗಿಲು ಕಿರ್ ಎಂದಿತು. ಬೆಳಕು ಕಿರಿದಾಯಿತು. ಅವನ ಕಾಲು ಮುಂದಕ್ಕೆ ಹೋಗಲಿಲ್ಲ.

"ಜಾಬಿರ್ ಭಾಯ್," ಅವನು ಕರೆದ, "ಬಾಗಿಲು ಹಿಡ್ಕೊಂಡಿದ್ದೀರಾ?"

"ಹಿಡ್ಕೊಂಡಿದ್ದೇನೆ ಸಾರ್. ನೀವು ಹೋಗಿ."

ಅವನು ಗೋಡೆಯತ್ತ ನಡೆದ.