ಬಾಡಿಗೆ ಮನೆಯ ಚೆಂದ

ಮಧುಗಿರಿಯಲ್ಲಿ ಬಾಡಿಗೆಗೆ ಹಿಡಿದ ಕತ್ತಲೆ ಮನೆಯನ್ನು ಮಂಗಳಾ ಹೆಚ್ಚು ಖರ್ಚಿಲ್ಲದೆ ಕೈಯಾರೆ ಚೆಂದಗಾಣಿಸಿದ್ದಳು. ಹಳೇ ಸೀರೆಗಳಲ್ಲಿ ಪರದೆ ಹೊಲಿದಳು. ಶಿರಾದ ಗುಜರಿ ಅಂಗಡಿಯಲ್ಲಿ ಸಿಕ್ಕ ಕೆತ್ತನೆಯ ಬಾಗಿಲನ್ನು ತಿಕ್ಕಿ ತೊಳೆದು ಬೆಂಚು ಮಾಡಿಸಿದಳು. ಅಂಚೊಡೆದ ಉಪ್ಪಿನಕಾಯಿ ಜಾಡಿಯಲ್ಲಿ ಬಳ್ಳಿ ಹಬ್ಬಿಸಿದಳು.

ಒಂದು ದಿನ ಮನೆಯೊಡತಿ ಜಯಕ್ಕ ಬಂದು ಕಣ್ಣರಳಿಸಿ ನೋಡಿದಳು.

“ನಮ್ಮನೆ ಇಷ್ಟು ಚೆಂದಾಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣಮ್ಮ!”

ಮಂಗಳಾ ಹಿಗ್ಗಿ ಕಾಫಿ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ ಜಯಕ್ಕ, “ಇಲ್ಲಿಗೆ ನನ್ ಮಗಳ್ನೇ ಕರ್ಕೊಂಡ್ ಬತ್ತೀನಿ. ನೀನು ಬ್ಯಾರೆ ಮನೆ ನೋಡ್ಕೊಂಡ್ಬುಡು,” ಎಂದಳು.

ಈಗ ಪುರವರ ಎಂಬ ಊರಿನ ಬಾಡಿಗೆ ಮನೆಯಲ್ಲಿ ಆ ಪರದೆಗಳು ಗಂಟು ಬಿಚ್ಚದೆ ಬಿದ್ದಿವೆ. “ಕಿಟಕಿಗಾದ್ರೂ ಒಂದು ಕಟ್ಟೇ,” ಎಂದ ಗಂಡನಿಗೆ ಮಂಗಳಾ ತಲೆಯೆತ್ತದೆ ಹೇಳಿದಳು:

“ಬ್ಯಾಡ. ಚೆಂದ ಕಂಡ್ರೆ ಇಲ್ಲಿಂದ್ಲೂ ಎಬ್ಬುಸ್ತಾರೆ.”