ಚಿಗರಿ ಉಳಿಸಿದ ಪಾಲು

ಮಕ್ತಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಂಗಾಂಬಿಕಾಳ ಜೋಳದ ರೊಟ್ಟಿಗೆ ದೊಡ್ಡ ಹೆಸರು. ಬೆಳಗಿನ ಆರಕ್ಕೆ ಒಲೆ ಹೊತ್ತಿಸಿದರೆ ಹನ್ನೊಂದರ ಹೊತ್ತಿಗೆ ಇನ್ನೂರು ರೊಟ್ಟಿ ಬಡಿದು ಏಳುವಳು. ನಾರಾಯಣಪೇಟೆಯ ಎರಡು ಖಾನಾವಳಿಗಳಿಗೆ, ಗದ್ವಾಲದ ಮದುವೆ ಮನೆಗಳಿಗೆ, ಗಂಡ ಕಾಂತೇಶ ತನ್ನ ಸಣ್ಣ ಟೆಂಪೋದಲ್ಲಿ ಬುಟ್ಟಿ ಮುಟ್ಟಿಸಿ ಬರುವನು. ಮನೆಯಲ್ಲಿ ಇಬ್ಬರೇ. ನಾಯಿ ಸಾಕುವ ಯೋಚನೆ ಇಬ್ಬರಿಗೂ ಎಂದೂ ಬಂದಿರಲಿಲ್ಲ.

ಮಾಘ ಮಾಸದಲ್ಲಿ ಗದ್ವಾಲದ ಒಂದು ಲಗ್ನಕ್ಕೆ ಐನೂರು ರೊಟ್ಟಿ ಒಯ್ದಿದ್ದರು. ವಾಪಸು ಬರುವಾಗ ಟೆಂಪೋದ ಗಾಲಿ ಪಂಕ್ಚರ್ ಆಗಿ, ಪಶುವೈದ್ಯ ಭಾನುಪ್ರಕಾಶನ ದವಾಖಾನೆಯ ಮುಂದೆ ನಿಂತರು. ಕಾಂತೇಶ ಗಾಲಿ ಬಿಚ್ಚುತ್ತಿದ್ದ. ಗಂಗಾಂಬಿಕಾ ನೆರಳಿಗೆಂದು ದವಾಖಾನೆಯ ಕಟ್ಟೆಯ ಮೇಲೆ ಕೂತಳು. ಅಲ್ಲಿ ಕಟ್ಟಿದ್ದ ಬೂದು ಬಣ್ಣದ ನಾಯಿಯೊಂದು ಎದ್ದು ಬಂದು ತನ್ನ ಉದ್ದನೆಯ ಮೂತಿಯನ್ನು ಅವಳ ಅಂಗೈಯಲ್ಲಿಟ್ಟಿತು. ಎಷ್ಟು ಸಣಕಲೆಂದರೆ ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ಮೂತಿಯಿಟ್ಟು ಕಣ್ಣು ಮುಚ್ಚಿತು.

"ನಿಮ್ಮ ಕೈಗೆ ರೊಟ್ಟಿ ವಾಸನಿ ಐತೆಲ್ರಿ, ಅದಕ್ಕ," ಎಂದ ಭಾನುಪ್ರಕಾಶ. ಗ್ರೇಹೌಂಡ್ ಜಾತಿಯದು, ಓಡುವುದಕ್ಕೆಂದೇ ಹುಟ್ಟಿದ್ದು. ಧರೂರಿನ ಆಚೆಯ ತೋಟವೊಂದರಲ್ಲಿ ನಾಯಿಗಳನ್ನು ಓಡಿಸಿ ಬಾಜಿ ಕಟ್ಟುತ್ತಿದ್ದರಂತೆ. ಪೊಲೀಸರು ಬರುವ ಸುದ್ದಿ ತಿಳಿದು ಯಜಮಾನ ಓಡಿಹೋದ. ಮುಚ್ಚಿದ ಕೋಣೆಯಿಂದ ಇದೊಂದೇ ಜೀವಂತ ಸಿಕ್ಕಿತು. "ಯಾರಾರ ಸಾಕ್ತೀನಂದ್ರ ಕೊಡ್ತೀನ್ರಿ."

ಗಂಗಾಂಬಿಕಾ ಗಂಡನ ಕಡೆ ನೋಡಿದಳು.

"ನಾವು ಲಿಂಗವಂತರು. ಇದಕ್ಕ ಬಾಡು ಎಲ್ಲಿಂದ ತರೂದು?" ಎಂದ ಕಾಂತೇಶ.

"ಅನ್ನ, ಮೊಸರು, ದಿನಕ್ಕೊಂದು ತತ್ತಿ ಆದ್ರ ಸಾಕ್ರಿ," ಎಂದ ವೈದ್ಯ.

ತತ್ತಿ ಕುದಿಸಿ ಕೊಡುವುದನ್ನು ನೆರೆಮನೆಯ ಪೆಂಟಮ್ಮ ಒಪ್ಪಿಕೊಂಡಳು. ಕೃಷ್ಣಾ ತೀರದ ಹೊಲಗಳಲ್ಲಿ ಜಿಗಿಯುವ ಚಿಗರಿ ಜಿಂಕೆಗಳ ಹಾಗೆ ಕಾಲಿದ್ದುದರಿಂದ ಗಂಗಾಂಬಿಕಾ ಅದಕ್ಕೆ ಚಿಗರಿ ಎಂದೇ ಹೆಸರಿಟ್ಟಳು.

ಬಂದ ಎರಡನೇ ದಿನವೇ ಚಿಗರಿ ಹನ್ನೊಂದು ರೊಟ್ಟಿ ಕದ್ದಿತು. ಹಿಂಗಾಲ ಮೇಲೆ ನಿಂತರೆ ಅದು ಕಾಂತೇಶನ ಹೆಗಲಿನಷ್ಟು ಎತ್ತರ. ಅಡುಗೆ ಕಟ್ಟೆಯ ಮೇಲಿನ ಬುಟ್ಟಿ ಅದಕ್ಕೆ ಯಾವ ಲೆಕ್ಕ? ಅಗಿಯದೆ ನುಂಗಿ, ಅರ್ಧ ಗಂಟೆಯಲ್ಲಿ ಅಂಗಳದ ತುಂಬ ಕಾರಿಕೊಂಡಿತು. ಆಮೇಲೆ ಭೇದಿ ಹತ್ತಿತು. ಗಂಗಾಂಬಿಕಾ ಬಳಿದು ಬಳಿದು ಸೋತಳು.

ಫೋನಿನಲ್ಲಿ ಭಾನುಪ್ರಕಾಶ ಸಮಾಧಾನವಾಗಿ ಹೇಳಿದ. "ಬೈಬ್ಯಾಡ್ರಿ ಅಕ್ಕಾರ. ಹಸಕೊಂಡು ಬೆಳದ ಪ್ರಾಣಿ, ಕಂಡಾಗ ತಿನ್ನಬೇಕು ಅನ್ನೂದೊಂದೇ ಗೊತ್ತು ಅದಕ್ಕ. ಕದಿಯಾಕ ಸಿಗದಂಗ ನೀವ ಎತ್ತಿಡ್ರಿ. ಮೆತ್ತಗ ಬೇಯಿಸಿದ ಅನ್ನ, ಕುದಿಸಿದ ಕುಂಬಳಕಾಯಿ, ಒಂದು ಚಮಚ ಮೊಸರು. ದಿನಕ್ಕ ನಾಕು ಸಲ, ಸ್ವಲ್ಪ ಸ್ವಲ್ಪ. ಹೊಸಾದು ಏನ ಕೊಟ್ರೂ ಹತ್ತು ದಿನ ಹಿಡದು ನಿಧಾನಕ ರೂಢಿ ಮಾಡಿಸ್ರಿ. ಉಳ್ಳಾಗಡ್ಡಿ, ಒಣದ್ರಾಕ್ಷಿ ಮಾತ್ರ ಮುಟ್ಟಿಸಬ್ಯಾಡ್ರಿ, ಅವು ನಾಯಿಗೆ ವಿಷ."

ಹಾಗೇ ಮಾಡಿದಳು. ರೊಟ್ಟಿ ಬುಟ್ಟಿ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವು ಏರಿತು. ಹಿಟ್ಟಿನ ಡಬ್ಬಿಗೆ ಚಿಲಕ ಬಂತು. ಕಸದ ತೊಟ್ಟಿಯ ಮುಚ್ಚಳದ ಮೇಲೆ ಬೀಸುಕಲ್ಲಿನ ಒಂದು ಹೋಳು ಕೂತಿತು. ಒಂದು ವಾರಕ್ಕೆ ಭೇದಿ ನಿಂತಿತು.

ಆದರೆ ನಾಯಿ ಮೈ ಹಿಡಿಯಲಿಲ್ಲ. ಗದ್ವಾಲಕ್ಕೆ ಒಯ್ದು ತೂಗಿದರೆ ಇಪ್ಪತ್ತಾರು ಕಿಲೋ ಇದ್ದದ್ದು ಇಪ್ಪತ್ನಾಲ್ಕಕ್ಕೆ ಇಳಿದಿತ್ತು. ಕಳ್ಳತನವೂ ನಿಲ್ಲಲಿಲ್ಲ. ಕಾಂತೇಶನ ಕೈಯ ತುತ್ತನ್ನೇ ಕಸಿಯಿತು. ಪೆಂಟಮ್ಮನ ಮನೆಗೆ ನುಗ್ಗಿ ಹಸಿ ಹಿಟ್ಟಿನ ಉಂಡೆ ನುಂಗಿ, ಒಂದು ಹಗಲೆಲ್ಲ ಹೊಟ್ಟೆ ಉಬ್ಬಿಸಿಕೊಂಡು ನರಳಿತು.

"ನಾಕು ಸಲ ಉಂಡ ನಾಯಿ ಹಿಂಗ್ಯಾಕ ಮಾಡ್ತದ?" ಎಂದ ಕಾಂತೇಶ. "ನೀ ಹಾಕಿದ್ದು ಎಲ್ಲಿ ಹೊಂಟೈತಿ?"

ಆ ಮಾತಿನ ಮೇಲೆ ಗಂಗಾಂಬಿಕಾ ಅದು ಉಣ್ಣುವುದನ್ನು ಕೂತು ನೋಡಿದಳು. ಅಲ್ಲಿಯತನಕ ತಟ್ಟೆ ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು, ತಿರುಗಿ ಬಂದಾಗ ತಟ್ಟೆ ಬರಿದಾಗಿರುತ್ತಿತ್ತು. ಈಗ ನೋಡಿದರೆ ಚಿಗರಿ ಅವಸರವಾಗಿ ತಿಂದು, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿತು. ದಾರ ಹಿಡಿದು ಕೊಯ್ದಂತೆ ಅನ್ನದ ಒಂದು ಮಗ್ಗುಲು ಖಾಲಿ, ಇನ್ನೊಂದು ಮಗ್ಗುಲು ಹಾಗೇ ಇತ್ತು. ಎರಡು ಹೆಜ್ಜೆ ಹಿಂದೆ ಸರಿದು ಕೂತಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆದರೂ ತಟ್ಟೆಯ ಕಡೆ ನೋಡದೆ, ಅದರ ಆಚೆ ಬದಿಯ ಬರಿಯ ನೆಲವನ್ನು ನೋಡುತ್ತ ಕೂತಿತು. ಯಾರೋ ಉಣ್ಣುವುದನ್ನು ಕಾಯುವವರು ಕೂರುವ ಹಾಗೆ.

ಮರುದಿನ ಮಧ್ಯಾಹ್ನ ಅದು ಅರ್ಧ ತಿಂದ ಕೂಡಲೆ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ತಂದು, ಅಡುಗೆ ಮನೆಯ ಬಾಗಿಲು ಎಳೆದು ಚಿಲಕ ಹಾಕಿದಳು. ಆ ಕೋಣೆಗೆ ಬೇರೆ ದಾರಿಯಿಲ್ಲ. ಮೇಲೊಂದು ಜಾಲರಿ ಹಾಕಿದ ಕಿಂಡಿ ಇತ್ತು, ಅಷ್ಟೇ. ಬೇವಿನ ನೆರಳಲ್ಲಿ ನಾಯಿಯನ್ನು ತೊಡೆಗೆ ಒತ್ತಿಕೊಂಡು ಕೂತಳು. ಓಣಿಯಲ್ಲಿ ಒಂದು ಜೀವ ಇರಲಿಲ್ಲ. ಬಿಸಿಲು ಗೋಡೆಗಳ ಮೇಲೆ ಬೆಳ್ಳಗೆ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಒಳಗೆ ಸಪ್ಪಳ ಶುರುವಾಯಿತು. ಸ್ಟೀಲಿನ ತಟ್ಟೆಯನ್ನು ನಾಲಿಗೆ ನೆಕ್ಕುವ ಸಪ್ಪಳ. ಅವಸರವಿಲ್ಲದೆ, ಒಂದೇ ಸಮ.

ಚಿಗರಿಯ ಕಿವಿ ನಿಮಿರಿತು. ಬಂದಾಗಿನಿಂದ ಒಮ್ಮೆಯೂ ಆಡದ ಬಾಲ ನಿಧಾನವಾಗಿ ಆಡಿತು.

ಗಂಗಾಂಬಿಕಾ ಎದ್ದು ಚಿಲಕ ತೆಗೆದಳು. ಒಳಗೆ ಯಾರೂ ಇರಲಿಲ್ಲ. ತಟ್ಟೆ ತೊಳೆದಿಟ್ಟಂತೆ ಬರಿದಾಗಿತ್ತು, ಇನ್ನೂ ಸಣ್ಣಗೆ ಅಲುಗುತ್ತಿತ್ತು.

"ಇಲಿ ಇರಬೇಕು," ಎಂದ ಕಾಂತೇಶ. "ನಾಳೆ ನಾನೇ ತೋರಸ್ತೀನಿ."

ಮರುದಿನ ಚಿಗರಿ ಅರ್ಧ ತಿಂದು ಹೊರಗೆ ಬಂದ ಮೇಲೆ ಅವನೇ ತಟ್ಟೆಯ ಸುತ್ತ ಮಾರುದ್ದ ಜೋಳದ ಹಿಟ್ಟು ಉದುರಿಸಿದ, ಇಲಿಯ ಹೆಜ್ಜೆ ಮೂಡಲಿ ಎಂದು. ಅವನೇ ಚಿಲಕ ಹಾಕಿದ. ಸಪ್ಪಳ ನಿಂತ ಮೇಲೆ ಅವನೇ ಬಾಗಿಲು ತೆಗೆದ. ಹಿಟ್ಟಿನ ಮೇಲೆ ಒಂದು ಇಲಿಯ ಗುರುತೂ ಇರಲಿಲ್ಲ, ಇರುವೆಯದೂ ಇಲ್ಲ. ಆದರೆ ತಟ್ಟೆಯ ಆಚೆ ಬದಿಯಲ್ಲಿ ಮಾತ್ರ ಹಿಟ್ಟು ಅಲ್ಲಲ್ಲಿ ತೊಯ್ದು ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಎತ್ತರದ ಬಾಯೊಂದರಿಂದ ಜೊಲ್ಲು ತೊಟ್ಟಿಕ್ಕಿದ ಹಾಗೆ. ಕಾಂತೇಶ ಬಗ್ಗಿ ಒಂದು ಕುಳಿಯನ್ನು ಬೆರಳಿಂದ ಮುಟ್ಟಿದ. ಮುಟ್ಟಿದವನು ಹೊರಗೆ ಹೋಗಿ ಎರಡು ಸಲ ಕೈ ತೊಳೆದುಕೊಂಡ.

"ಧರೂರಿಗೆ ಹೋಗಿ ಬರೂನು ನಡೀರಿ," ಎಂದಳು ಗಂಗಾಂಬಿಕಾ. "ಆ ತೋಟದಾಗ ಏನ ನಡದೈತೋ ಕೇಳಾಕ ಬೇಕು."

ಸೋಮವಾರ ಬೆಳಿಗ್ಗೆ ಹೊರಟರು. ಜೂರಾಲ ಅಣೆಕಟ್ಟಿನ ಮೇಲೆ ಟೆಂಪೋ ದಾಟುವಾಗ ಹಿಂದೆ ಮಲಗಿದ್ದ ಚಿಗರಿ ನಡುಗತೊಡಗಿತು. ಕಾಲುವೆಯ ದಂಡೆ ಹಿಡಿದು, ಭತ್ತದ ಗದ್ದೆ ದಾಟಿ, ಮಾವಿನ ಗಿಡಗಳ ನಡುವಿನ ತಗಡಿನ ಕೋಣೆಯ ಮುಂದೆ ನಿಂತಾಗ ಅದು ಕೆಳಗೆ ಇಳಿಯಲೇ ಇಲ್ಲ. ಟೆಂಪೋದ ಮೂಲೆಗೆ ಅಂಟಿಕೊಂಡು ಮುಖ ಮುಚ್ಚಿಕೊಂಡಿತು. ಕಾಂತೇಶ ಅದರ ಹತ್ತಿರವೇ ಕೂತ.

ತೋಟ ಕಾಯುವವನ ಹೆಸರು ಉರುಕುಂದಪ್ಪ. ಐವತ್ತು ದಾಟಿದ, ಒಣ ಕಟ್ಟಿಗೆಯಂಥ ಮನುಷ್ಯ. ನಾಯಿಯನ್ನು ನೋಡಿದವನೇ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬದುಕೈತೇನ್ರಿ ಇದು," ಎಂದ.

"ಇದರ ಜೋಡಿ ಇನ್ನೊಂದು ಇತ್ತೇನು?" ಎಂದು ಗಂಗಾಂಬಿಕಾ ನೇರವಾಗಿ ಕೇಳಿದಳು.

ಅವನು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಹೆಣ್ಣೊಂದು ಇತ್ರಿ. ಎರಡೂ ಒಂದ ಕಡೆ ಬೆಳದಿದ್ವು. ಪೊಲೀಸರು ಬರ್ತಾರಂತ ಯಜಮಾನ ಓಡಿಹೋಗುವಾಗ, ಎರಡನ್ನೂ ಕೋಣಿಯೊಳಗ ಹಾಕಿ ಕೀಲಿ ನನ್ನ ಕೈಯಾಗ ಕೊಟ್ಟ. ತಗೀಬ್ಯಾಡ, ಯಾರಾರ ನೋಡಿದ್ರ ನಿನ್ನ ಒಯ್ತಾರ ಅಂದ. ನಾ ಹೆದರಿದೆ. ನನ್ನ ಬುತ್ತಿಯಾಗಿನ ಒಂದು ರೊಟ್ಟಿ ದಿನಾ ಬಾಗಲ ಸಂದಿಯಾಗ ತೂರಸ್ತಿದ್ದೆ. ಸಂದಿಗೆ ಕಣ್ಣಿಟ್ಟು ನೋಡೀನ್ರಿ. ಗಂಡು ಪೂರಾ ತಿಂತಿತ್ತು. ಹೆಣ್ಣು ಆ ಕಡೆ ಮುಖ ಮಾಡಿ ಮಲಗಿಬಿಡ್ತಿತ್ತು. ತಿನ್ನಾಕ ಬಂದದ್ದ ನಾ ಕಾಣಲಿಲ್ಲ."

"ಎಷ್ಟು ದಿನ?"

"ಒಂಬತ್ತನೇ ದಿನಕ್ಕ ಹೋತು. ಕೀಲಿ ನನ್ನ ಉಡಿದಾರದಾಗ ಇತ್ರಿ ಅಕ್ಕಾರ. ಒಂಬತ್ತೂ ದಿನ ಇಲ್ಲೇ ಇತ್ತು." ಸೊಂಟವನ್ನು ಕೈಯಿಂದ ಮುಟ್ಟಿಕೊಂಡ. "ಅವತ್ತ ಕೀಲಿ ತಗದೆ, ಗಂಡು ನಾಯೀನ ಗದ್ವಾಲದ ಡಾಕ್ಟರ್ ಬಂದು ಒಯ್ದರು, ಹೆಣ್ಣನ್ನ ನಾನೇ ಮಣ್ಣು ಮಾಡಿದೆ. ಅವತ್ತಿನಿಂದ ದಿನಾ ಆ ಕೋಣಿಯಾಗ ಒಂದು ರೊಟ್ಟಿ ಇಟ್ಟು ಬರ್ತಿದ್ದೆ. ಬಾಗಲಾ ಮುಚ್ಚೇ ಇರ್ತಿತ್ತು. ಮರುದಿನ ನೋಡಿದ್ರ ರೊಟ್ಟಿ ಇರ್ತಿರಲಿಲ್ಲ."

ಗಂಗಾಂಬಿಕಾ ಮಕ್ತಲದ ತನ್ನ ಅಡುಗೆ ಮನೆಯ ತಟ್ಟೆಯ ಸಂಗತಿ ಹೇಳಿದಳು.

"ಈಗ ತಿನ್ನಂಗಿಲ್ರಿ," ಎಂದ ಅವನು. ತಗಡಿನ ಬಾಗಿಲು ನೂಕಿ ತೋರಿಸಿದ. ಒಳಗೆ ನೆಲದ ಮೇಲೆ ಒಂದರ ಮೇಲೊಂದು ರೊಟ್ಟಿ ಒಣಗಿ ಸೆಟೆದು ಬಿದ್ದಿದ್ದವು. ಇರುವೆ ಕೂಡ ಮುಟ್ಟಿರಲಿಲ್ಲ. "ಗದ್ವಾಲದ ಡಾಕ್ಟರ್ ಹತ್ರ ಇದ್ದಾಗೂ ಇಲ್ಲಿಂದು ಖಾಲಿ ಆಗ್ತಿತ್ತು. ಮಾಘದಾಗ ಯಾರೋ ಮನಿಗೆ ಒಯ್ದರಂತ ಸುದ್ದಿ ಬಂತು. ಅವತ್ತಿನಿಂದ ಹಿಂಗ."

ತಿರುಗಿ ಬರುವಾಗ, ಮಕ್ತಲ ಹತ್ತಿರ ಬಂದ ಮೇಲೆ ಕಾಂತೇಶ ಕೇಳಿದ: "ಡಾಕ್ಟರಿಗೆ ವಾಪಸು ಕೊಟ್ಟು ಬಿಡೂನೇನು?"

"ಯಾವುದನ್ನ ಕೊಡ್ತೀರಿ?" ಎಂದಳು ಗಂಗಾಂಬಿಕಾ.

ಮನೆಗೆ ಬಂದವಳೇ ಪಾತ್ರೆ ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದು ತಟ್ಟೆ ತಂದಳು. ಎರಡರಲ್ಲೂ ಸಮನಾಗಿ ಅನ್ನ ಕಲಸಿ, ಒಂದನ್ನು ಚಿಗರಿಯ ಮುಂದೆ, ಇನ್ನೊಂದನ್ನು ಅದು ದಿನಾ ನೋಡುತ್ತಿದ್ದ ಬರಿಯ ನೆಲದ ಮೇಲೆ ಇಟ್ಟಳು. ಚಿಗರಿ ಒಮ್ಮೆ ಆ ತಟ್ಟೆ ನೋಡಿತು, ಒಮ್ಮೆ ಅವಳನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ ತನ್ನದನ್ನು ಕೊನೆಯ ಅಗುಳಿನತನಕ ತಿಂದು, ಅಲ್ಲೇ ಮಲಗಿ ನಿದ್ದೆ ಹೋಯಿತು. ಬಾಗಿಲು ಎಳೆದುಕೊಂಡು ಅವಳು ಹೊರಗೆ ಬಂದಳು. ಕೇಳಬೇಕಾದ ಸಪ್ಪಳ ಕೇಳಿತು.

ಅಂದಿನಿಂದ ಚಿಗರಿ ಕದಿಯುವುದು ಕಡಿಮೆಯಾಯಿತು. ಆದರೆ ನಾಲ್ಕನೇ ದಿನ ನೆರೆಮನೆಯಿಂದ ಬಂದ ಪೆಂಟಮ್ಮ ಅಡುಗೆ ಮನೆಯ ಬಾಗಿಲಲ್ಲೇ ನಿಂತು, "ಏಮೈಂದಕ್ಕಾ, ಏನಾತು, ಮತ್ತ ಕಾರಕೊಂತೇನು ನಿಮ್ಮ ನಾಯಿ?" ಎಂದಳು. ಎರಡನೇ ತಟ್ಟೆಯ ಆಚೆ, ಗೋಡೆಯ ಬುಡದಲ್ಲಿ, ಹಳದಿ ನೊರೆಯೊಳಗೆ ಅರಗದ ಅನ್ನ ಬಿದ್ದಿತ್ತು. ಇನ್ನೂ ಬೆಚ್ಚಗಿತ್ತು. ಚಿಗರಿ ಆ ಹೊತ್ತಿಗೆ ಕಾಂತೇಶನ ಜೊತೆ ಟೆಂಪೋದಲ್ಲಿ ನಾರಾಯಣಪೇಟೆಯಲ್ಲಿತ್ತು.

ಗಂಗಾಂಬಿಕಾ ಪೆಂಟಮ್ಮನಿಗೆ ಹೌದೆಂದು ಹೇಳಿ ಕಳಿಸಿದಳು. ಬೂದಿ ಹಾಕಿ ಬಳಿದಳು. ಆಮೇಲೆ ಭಾನುಪ್ರಕಾಶನಿಗೆ ಫೋನು ಹಚ್ಚಿ, ಹಿಟ್ಟು, ಧರೂರು, ಎರಡನೇ ತಟ್ಟೆ, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಅವತ್ತು ಆ ಕೋಣಿಗೆ ನಾ ಹೋಗಿದ್ದೆ ಅಕ್ಕಾರ," ಎಂದ. "ಗಂಡು ನಾಯಿ ಬಾಗಲಾ ಬಿಟ್ಟು ಬರವಲ್ದು. ಹಿಂದ ಹಿಂದ ನೋಡ್ತಿತ್ತು." ಆಮೇಲೆ ಹೇಳಿದ: "ಒಂಬತ್ತು ದಿನ ಖಾಲಿ ಇದ್ದ ಹೊಟ್ಟಿ. ನೀವು ಇದರಷ್ಟ ಅದಕ್ಕೂ ಒಮ್ಮೆಲೇ ಹಾಕಿರಿ, ತಡೀಲಿಲ್ಲ. ಅದಕ್ಕ ಮೊದಲಿಂದ ಶುರು ಮಾಡ್ರಿ. ಗಂಜಿ. ಎರಡೇ ಚಮಚ. ದಿನಕ್ಕ ಆರು ಸಲ ಆದ್ರೂ ಪರವಾಗಿಲ್ಲ."

ಹಾಗೇ ಮಾಡಿದಳು. ಮೊದಲ ವಾರ ಗಂಜಿ, ಎರಡನೇ ವಾರ ಮೆತ್ತನ್ನ, ಮೂರನೆಯದಕ್ಕೆ ಕುಂಬಳಕಾಯಿ. ಕಂಡ ನಾಯಿಗೆ ಮಾಡಿದ್ದನ್ನೆಲ್ಲ ಕಾಣದ ನಾಯಿಗೂ ಮಾಡಿದಳು. ಹೆದರಿಕೆ ಹೋಗಲಿಲ್ಲ. ರೊಟ್ಟಿ ಬಡಿಯುವಾಗ ಹಿಂದೆ ಯಾರೋ ಉಸಿರಾಡಿದಂತಾಗಿ ಕೈ ನಿಲ್ಲುತ್ತಿತ್ತು. ಒಮ್ಮೊಮ್ಮೆ ಮೊಣಕೈಗೆ ತಣ್ಣನೆಯದು ತಾಗುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. "ಇರು, ಆತು," ಎನ್ನುತ್ತಿದ್ದಳು. ಗೋಡೆಯ ಬುಡ ಮತ್ತೆ ಹೊಲಸಾಗಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಚಿಗರಿ ಮೂವತ್ತು ಕಿಲೋ ತೂಗಿತು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಉರುಕುಂದಪ್ಪ ಧರೂರಿನಿಂದ ಬಸ್ಸು ಹಿಡಿದು ಬಂದ. ಕಂಕುಳಲ್ಲಿ ಬಟ್ಟೆಯ ಗಂಟು. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತ.

"ಒಂದ ರೊಟ್ಟಿ ತಂದೀನ್ರಿ. ಇಲ್ಲಿ ಇಡಲೇನು?"

ಗಂಗಾಂಬಿಕಾ ಎರಡನೇ ತಟ್ಟೆ ತಂದು ಅವನ ಕೈಗೆ ಕೊಟ್ಟಳು. ಅವನು ರೊಟ್ಟಿಯನ್ನು ಸಣ್ಣಗೆ ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಗೋಡೆಯ ಹತ್ತಿರ ಇಟ್ಟ. ಆಮೇಲೆ ಹೊಸ್ತಿಲಿಗೆ ಬಂದು ತಟ್ಟೆಗೆ ಬೆನ್ನು ಮಾಡಿ ಕೂತ. ಚಿಗರಿ ಅವನನ್ನು ಮೂಸಿ, ಅವನಿಂದ ದೂರ ಹೋಗಿ ಗಂಗಾಂಬಿಕಾಳ ಕಾಲ ಬಳಿ ಮಲಗಿತು.

ಬಹಳ ಹೊತ್ತಾಯಿತು. ಓಣಿಯಲ್ಲಿ ಮಳೆನೀರು ಹರಿಯುವ ಸಪ್ಪಳ ಬಿಟ್ಟರೆ ಬೇರೆ ಇಲ್ಲ. ಉರುಕುಂದಪ್ಪನ ಹೆಗಲು ಕುಸಿಯುತ್ತ ಬಂತು. ಏಳಲೆಂದು ಕೈ ನೆಲಕ್ಕೆ ಊರಿದ.

ಆಗ ಅವನ ಬೆನ್ನ ಹಿಂದೆ ತಟ್ಟೆ ಅಲುಗಿತು.

ಅವನು ತಿರುಗಲಿಲ್ಲ. ಊರಿದ ಕೈಯನ್ನು ಊರಿಯೇ ಇಟ್ಟು, ನೆಕ್ಕುವ ಸಪ್ಪಳ ಪೂರ್ತಿ ನಿಲ್ಲುವತನಕ ಹಾಗೇ ಕೂತ. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು.

"ಹೆಸರೇನ್ರಿ ಇಟ್ಟೀರಿ ಅದಕ್ಕ?" ಎಂದು ಕೇಳಿದ.

"ಇಟ್ಟಿಲ್ಲ," ಎಂದಳು ಗಂಗಾಂಬಿಕಾ. "ಕರದ್ರ ಬಂದು ಎದುರಿಗೆ ನಿಂತೀತು ಅಂತ ಅಂಜಿಕಿ."

ಉರುಕುಂದಪ್ಪ ತಲೆಯಾಡಿಸಿದ. ಖಾಲಿ ಬಟ್ಟೆ ಕೊಡವಿ ಮಡಚಿಕೊಂಡು, ಎರಡು ಗಂಟೆಯ ಬಸ್ಸಿಗೆ ಹೊರಟ. ಓಣಿಯ ತಿರುವಿನತನಕ ಚಿಗರಿ ಅವನ ಹಿಂದೆ ನಡೆದು ಹೋಗಿ, ಅಲ್ಲಿ ನಿಂತು, ತನ್ನ ಎಡಗಡೆಗೆ ಇನ್ನೊಂದು ನಾಯಿಗಾಗುವಷ್ಟು ಜಾಗ ಬಿಟ್ಟುಕೊಂಡು ಮನೆಗೆ ತಿರುಗಿ ಬಂತು.